ಮಾದರಿ ರೈಲಿನ ದೋಷಪೂರಿತ ಚಕ್ರಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮಿಂದ ತರಿಸಿಕೊಂಡ ಹನ್ನೆರಡು ಜೋಡಿ ಲೋಹದ ಚಕ್ರಗಳ ಬಗ್ಗೆ ಇದು ನನ್ನ ಎರಡನೆಯ ಪತ್ರ. ಗ್ರಾಹಕರೇ ಬಿಚ್ಚಿ ಮಾರ್ಪಡಿಸಿದ ವ್ಯಾಗನ್ನಿಗೆ ವಾರಂಟಿ ಇಲ್ಲವೆಂದು ಮೊದಲನೆಯದಕ್ಕೆ ಉತ್ತರಿಸಿದ್ದೀರಿ. ನಾನು ದೂರಿದ್ದು ವ್ಯಾಗನ್ನನ್ನಲ್ಲ, ಚಕ್ರಗಳನ್ನು. ಹಳೆಯ ಪ್ಲಾಸ್ಟಿಕ್ ಚಕ್ರ ತೆಗೆದು ಇವನ್ನು ಹಾಕಿದರೆ ಗಾಡಿ ಸಲೀಸಾಗಿ ಓಡುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದವರು ನೀವೇ. ಬಿಚ್ಚದೆ ಹಾಕುವುದು ಹೇಗೆಂದೂ ಬರೆಸಬೇಕಿತ್ತು.

ನನ್ನದು ಎಚ್‌ಒ ಅಳತೆ, ಅಂದರೆ ನಿಜ ರೈಲಿನ 87ರಲ್ಲಿ ಒಂದು ಪಾಲು (1:87). ಹಳಿಗಳ ನಡುವೆ 16.5 ಮಿ.ಮೀ. ಆರು ಇಂಚಿನ ವ್ಯಾಗನ್ ತೀರ ಹಗುರವಿತ್ತು. ಒಳಗೆ ಸೀಸದ ತುಂಡು ಅಂಟಿಸಿ, ಅಮೆರಿಕದ ಮಾದರಿ ರೈಲು ಸಂಘದ ಲೆಕ್ಕದಂತೆ 113 ಗ್ರಾಂಗೆ ತಂದು, ನಿಮ್ಮ ಚಕ್ರ ಜೋಡಿಸಿದೆ. ನೇರ ಹಳಿಯಲ್ಲಿ ಬೆರಳು ತಾಗಿಸಿದರೆ ಸಾಕು, ಮೇಜಿನ ಆ ತುದಿ ಮುಟ್ಟಿತು, ಸುಳ್ಳು ಹೇಳಲಾರೆ. ಒಂದು ಹಳಿ ಎರಡಾಗಿ ಕವಲೊಡೆಯುವ ಪಾಯಿಂಟ್ ಬಂದದ್ದೇ ತಡ, ಟಕ್ಕೆಂದು ಎದ್ದು ಹಳಿ ಬಿಟ್ಟಿತು. ಹತ್ತು ಸಲಕ್ಕೆ ಏಳು ಸಲ. ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿ ದಾಟುವುದನ್ನು ನೋಡುತ್ತ ನಿಂತರೆ ಈಗ ಹೊಟ್ಟೆಕಿಚ್ಚಾಗುತ್ತದೆ.

ಉದ್ಯಮಬಾಗದಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಮುಂದೆ ನಿಂತವನು ನಾನು. ಹಳಿಯನ್ನು ಬೈಯುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದೆ. ಜೋಡಿ ಚಕ್ರಗಳ ಬೆನ್ನು ಬೆನ್ನಿನ, ಅಂದರೆ ಒಳಮೈಗಳ, ನಡುವೆ 14.4 ಮಿ.ಮೀ. ಆಸುಪಾಸು ಇರಬೇಕು. ಏಳು ಜೋಡಿಗಳಲ್ಲಿ ಸಿಕ್ಕಿದ್ದು 13.5. ಅಷ್ಟು ಒತ್ತಾಗಿ ಕೂತ ಚಕ್ರ ಪಾಯಿಂಟಿನಲ್ಲಿ ಚಕ್ರವನ್ನು ದಾರಿಗೆ ಹಿಡಿಯುವ ಒಳಗಿನ ಹಳಿಗೆ (ಚೆಕ್ ರೈಲಿಗೆ) ಉಜ್ಜಿ ಮೇಲೇರದೆ ಇನ್ನೇನು ಮಾಡೀತು? ಇನ್ನೆರಡು ಜೋಡಿಗಳಿಗೆ ಕರೆಂಟ್ ಒಂದು ಹಳಿಯಿಂದ ಇನ್ನೊಂದಕ್ಕೆ ಹರಿಯದಂತೆ ತಡೆಯುವ ಬುಶ್ ಇಲ್ಲ. ಹಳಿಗಿಟ್ಟ ಕೂಡಲೇ ಶಾರ್ಟ್ ಆಗಿ ಎಂಜಿನ್ ನಿಲ್ಲುತ್ತದೆ.

ಒಂದು ವ್ಯಾಗನ್ನಿನ ನಾಲ್ಕು ಜೋಡಿಗಳನ್ನು ನಾನೇ ಹೊರಗೆಳೆದು 14.4ಕ್ಕೆ ಕೂರಿಸಿದೆ. ಅದೇ ಪಾಯಿಂಟನ್ನು ಇಪ್ಪತ್ತು ಸಲ ದಾಟಿತು, ಒಮ್ಮೆಯೂ ಕುಪ್ಪಳಿಸಲಿಲ್ಲ. ಹಾಗಾಗಿ ದೋಷ ನನ್ನ ಹಳಿಯದು ಎನ್ನುವ ಮಾತು ಇನ್ನು ಬೇಡ.

ಒಂಬತ್ತು ಜೋಡಿಗಳನ್ನು ಬದಲಿಸಿ, ಇಲ್ಲವೇ ಪೂರ್ತಿ ಹಣ ಮರಳಿಸಿ. ಕೊರಿಯರ್ ಖರ್ಚು ನಿಮ್ಮದು. 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಂತೆ ನಾನಿರುವ ಬೆಳಗಾವಿಯಲ್ಲೇ ದೂರು ಕೊಡಬಹುದು. ಬಿಲ್ಲು, ಫೋಟೊ, ಪ್ರತಿ ಜೋಡಿಯ ಅಳತೆಯ ಪಟ್ಟಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ,
ಟಿಳಕವಾಡಿ, ಬೆಳಗಾವಿ