ಯೆಜ್ಡಿ ಮನೆಗೆ ಬಂತು

ಎಲ್ಲರಿಗೂ ನಮಸ್ಕಾರ. ಕೊನೆಗೂ ಒಂದು ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕ್ ಕೊಂಡೆ. ಓಡಾಡೋಕೆ ನನ್ನ ಹತ್ರ ಸ್ಕೂಟರ್ ಇದೆ. ಇದು ಅಪ್ಪನಿಗಾಗಿ. ಅವರು ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾದಲ್ಲಿ ಕೆಲಸ ಮಾಡಿದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಅದಿದ್ದ ಯಾದವಗಿರಿ ಕಡೆ ಹೋಗೋದನ್ನೇ ಬಿಟ್ಟಿದ್ದರು.

ನಿನ್ನೆ ಗಾಡಿ ನೋಡಿ ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರು. ಇದರಲ್ಲಿ ಅದೇ ಕಿಕ್ಕರ್ ಅಲ್ವಾ! ಎರಡನೇ ಒದೆತಕ್ಕೆ ಸ್ಟಾರ್ಟ್. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಆ ಸದ್ದು. ಅಪ್ಪನ ಕಣ್ಣು ತುಂಬಿತ್ತು.

ನಿಮ್ಮಲ್ಲೂ ಕೆಲವರು ಇಂಥ ಹಳೇ ಗಾಡಿ ಹುಡುಕುತ್ತಿದ್ದೀರಿ. ಬಣ್ಣ ನೋಡಿ ಮರುಳಾಗಬೇಡಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿ ಜೊತೆ ತಾಳೆ ಆಗಬೇಕು. ಹದಿನೈದು ವರ್ಷ ದಾಟಿದ ಗಾಡಿ, ಆರ್‌ಸಿ ನವೀಕರಣ ಆಗಿದೆಯಾ ಕೇಳಿ. ನನಗೆ ಮೊದಲು ತೋರಿಸಿದ ಗಾಡಿಯಲ್ಲಿ ನಂಬರೇ ಬೇರೆ ಇತ್ತು, ಬಿಟ್ಟು ಬಂದೆ. ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸೋದು ಮರೀಬೇಡಿ.

ಭಾನುವಾರ ಬೆಳಿಗ್ಗೆ 8ಕ್ಕೆ ನಮ್ಮ ಮನೆಗೆ ಬನ್ನಿ. ಮನೆಯಲ್ಲಿ ಹಳೇ ಬಿಡಿಭಾಗ ಇದ್ದರೆ ತನ್ನಿ, ಯಾವುದು ಎಲ್ಲಿಯದು ಅಂತ ಅಪ್ಪ ಹೇಳುತ್ತಾರೆ.