ಡಿಫೆನ್ಸ್ ಬೇಡ ಅನ್ನುವ ಮಗಳಿಗೆ

ಪ್ರೀತಿಯ ಪುಟ್ಟಿ,

ಎದುರಿಗೆ ಕೂತು ಹೇಳಿದರೆ ನೀನು ಹೆಡ್‌ಫೋನ್ ಹಾಕಿಕೊಳ್ಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಐಸ್ ಹಾಕಿ ಕೋಚ್ ನಿನ್ನನ್ನು ಡಿಫೆನ್ಸ್‌ಗೆ ಹಾಕಿದರು, ಇನ್ನು ಗೋಲು ಹೊಡೆಯೋಕೆ ಆಗಲ್ಲ ಅಂತ ತಾನೇ ನಿನ್ನ ಸಿಟ್ಟು? ಸಿಟ್ಟು ಮಾಡಿಕೋ, ಬೇಡ ಅನ್ನುವುದಿಲ್ಲ. ಆದರೆ ಡೆಟ್ರಾಯಿಟ್ ಪಕ್ಕದಲ್ಲಿ ಬೆಳೆದು, ನಿಕ್ಲಾಸ್ ಲಿಡ್‌ಸ್ಟ್ರಾಮ್ ಆಟ ನೋಡದೆ ಡಿಫೆನ್ಸ್ ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಸ್ವೀಡನ್‌ನ ಹುಡುಗ. 1989ರ ಡ್ರಾಫ್ಟ್‌ನಲ್ಲಿ, ಅಂದರೆ ಲೀಗ್‌ನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ನಮ್ಮ ಡೆಟ್ರಾಯಿಟ್ ತಂಡ ರೆಡ್ ವಿಂಗ್ಸ್ ಅವನನ್ನು ಆರಿಸಿದ್ದು 53ನೆಯವನಾಗಿ. 1991ರಲ್ಲಿ ಇಲ್ಲಿಗೆ ಬಂದ. 2012ರಲ್ಲಿ ನಿವೃತ್ತನಾಗುವವರೆಗೆ ಇದೊಂದೇ ತಂಡಕ್ಕೆ 1,564 ಪಂದ್ಯ ಆಡಿದ, ಲೀಗ್‌ನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ನಾಲ್ಕು ಸಲ ಗೆದ್ದ.

ಡಿಫೆನ್ಸ್ ಅಂದರೆ ಬರುವವರನ್ನು ಗುದ್ದಿ ಬೀಳಿಸುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಇವನು ಅಷ್ಟೂ ಪಂದ್ಯಗಳಲ್ಲಿ ಪೆನಾಲ್ಟಿಗೆ ಹೊರಗೆ ಕೂತಿದ್ದು ಒಟ್ಟು 514 ನಿಮಿಷ. ಪಂದ್ಯಕ್ಕೆ 20 ಸೆಕೆಂಡೂ ಬರುವುದಿಲ್ಲ! ಅದೂ ಎದುರು ತಂಡದ ಅತ್ಯುತ್ತಮ ಆಟಗಾರರನ್ನು ತಡೆಯುವ ಕೆಲಸ ಅವನದೇ ಆಗಿದ್ದಾಗ.

ಹೇಗೆ ಅಂತೀಯಾ? ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ತರುತ್ತಿರುವವನ ಮೇಲೆ ಅವನು ನುಗ್ಗುತ್ತಿರಲಿಲ್ಲ. ಸ್ಟಿಕ್ ಚಾಚಿದರೆ ಎಟುಕುವಷ್ಟು ದೂರ ಇಟ್ಟುಕೊಂಡು ಹಿಂದಕ್ಕೆ ಸ್ಕೇಟ್ ಮಾಡುತ್ತಿದ್ದ. ನಡುವಿನ ದಾರಿ ಮುಚ್ಚಿ, ಬೋರ್ಡ್, ಅಂದರೆ ಅಂಚಿನ ಗೋಡೆ ಕಡೆಯ ದಾರಿ ಮಾತ್ರ ತೆರೆದಿಡುತ್ತಿದ್ದ. ಊರಲ್ಲಿ ಅಜ್ಜ ತೋಟಕ್ಕೆ ನುಗ್ಗಿದ ಹಸುವನ್ನು ಹೊಡೆಯದೆ, ಅಡ್ಡ ನಿಂತೇ ಗೇಟಿನ ಕಡೆ ಸಾಗಹಾಕುತ್ತಾರಲ್ಲ, ಹಾಗೆ. ಎದುರಾಳಿ ಮೂಲೆ ಸೇರಿದ ಮೇಲೆ ಸ್ಟಿಕ್ ತುದಿಯಿಂದ ಪಕ್ ತಟ್ಟಿ ತೆಗೆಯುವುದು, ತಕ್ಷಣ ನಮ್ಮವರಿಗೆ ಪಾಸ್ ಕೊಡುವುದು. ನಿಮ್ಮ ಹುಡುಗಿಯರ ಲೀಗ್‌ನಲ್ಲಿ ಮೈಯಿಂದ ಗುದ್ದುವ ಬಾಡಿ ಚೆಕ್ ಹೇಗೂ ಇಲ್ಲ. ನಿನಗೆ ಬೇಕಾದ ಆಟ ಇದೇ ಅಲ್ವಾ?

ಇನ್ನು ಗೋಲಿನ ಮಾತು. 264 ಗೋಲು ಹೊಡೆದಿದ್ದಾನೆ ಮಾರಾಯ್ತಿ! 2002ರ ಪ್ಲೇಆಫ್‌ನಲ್ಲಿ ವ್ಯಾಂಕೂವರ್ ಎದುರು ನಮ್ಮವರು ಮೊದಲ ಎರಡು ಪಂದ್ಯ ಸೋತಿದ್ದರು. ಮೂರನೆಯದರಲ್ಲಿ ಇವನು ರಿಂಕ್‌ನ ನಡುಭಾಗದಿಂದ ಹೊಡೆದ ಪಕ್ ಗೋಲ್‌ಕೀಪರನ್ನು ದಾಟಿ ಒಳಗೆ ಹೋಯಿತು. ಆಮೇಲೆ ನಮ್ಮವರು ಸೋಲದೆ ಆ ಸರಣಿ ಗೆದ್ದರು, ಆ ವರ್ಷದ ಕಪ್ಪನ್ನೂ ಗೆದ್ದರು. 2006ರ ಟ್ಯೂರಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್‌ಲ್ಯಾಂಡ್ ಎದುರು ಸ್ವೀಡನ್‌ಗೆ ಚಿನ್ನ ತಂದ ಗೋಲೂ ಇವನದೇ.

ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಮಾತ್ರ ತಡವಾಗಿ ಬಂತು. ಸತತ ಮೂರು ವರ್ಷ ಎರಡನೆಯವನಾಗಿ ಉಳಿದು, 2001ರಲ್ಲಿ, 31ನೇ ವಯಸ್ಸಿಗೆ ಮೊದಲನೆಯದು. ಆಮೇಲೆ ಇನ್ನೂ ಆರು. ಕೊನೆಯದು ಬಂದಾಗ ಅವನಿಗೆ 41. ಅವನಿಗಿಂತ ಜಾಸ್ತಿ ಗೆದ್ದವನು ಹಿಂದಿನ ಕಾಲದ ಡಿಫೆನ್ಸ್‌ಮನ್ ಬಾಬಿ ಆರ್ ಒಬ್ಬನೇ, ಎಂಟು. ಪಾಪ, ಆರ್‌ಗೆ ಮೊಣಕಾಲು ಕೈಕೊಟ್ಟು 30ಕ್ಕೇ ಆಟ ಮುಗಿಯಿತು.

ಶನಿವಾರದ ಮ್ಯಾಚಿಗೆ ಮುಂಚೆ ಅವನ ಹಳೆಯ ಪಂದ್ಯ ಒಂದನ್ನು ನೋಡು. ಹೈಲೈಟ್ಸ್ ಬೇಡ, ಅದರಲ್ಲಿ ಬರೀ ಗೋಲುಗಳು. ಪೂರ್ತಿ ಪಂದ್ಯ ಹಾಕಿಕೋ. ಪಕ್ ಕಡೆ ನೋಡದೆ 5ನೇ ನಂಬರ್ ಜೆರ್ಸಿಯನ್ನಷ್ಟೇ ನೋಡು. ಆಮೇಲೂ ಡಿಫೆನ್ಸ್ ಬೇಡ ಅನ್ನಿಸಿದರೆ ಹೇಳು, ಕೋಚ್ ಹತ್ತಿರ ನಾನೇ ಮಾತಾಡುತ್ತೇನೆ.

ಇಂತಿ,
ನಿನ್ನ ಅಪ್ಪ