ರಾಕೆಟ್ ಹಾರಿಸಿದ ಪ್ರಧಾನಿ

ಪ್ರೀತಿಯ ಗೆಳೆಯ,

ಅಫ್ಘಾನಿಸ್ತಾನದ ಸಶಸ್ತ್ರ ಗುಂಪಿನ ನಾಯಕ ಗುಲ್ಬುದ್ದೀನ್ ಹೆಕ್ಮತ್ಯಾರನ ಹೆಸರಿನ ಮುಂದೆ ‘ಎಂಜಿನಿಯರ್’ ಅಂತ ಯಾಕೆ ಹಾಕ್ತಾರೆ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಹೇಳಿದರೆ ನಗ್ತೀಯ. ಆಸಾಮಿ ಕೋರ್ಸೇ ಮುಗಿಸಿಲ್ಲ! ಕಾಬೂಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದೇನೋ ನಿಜ. 1972ರಲ್ಲಿ ಮಾವೋವಾದಿ ವಿದ್ಯಾರ್ಥಿಯೊಬ್ಬನ ಕೊಲೆ ಪ್ರಕರಣದಲ್ಲಿ ಜೈಲು ಸೇರಿದ, ಬಿಡುಗಡೆಯಾದವನು ಪಾಕಿಸ್ತಾನಕ್ಕೆ ಓಡಿದ. ಓದು ಅಲ್ಲಿಗೇ ನಿಂತಿತು, ಬಿರುದು ಮಾತ್ರ ಅಂಟಿಕೊಂಡಿತು.

ಖರೋಟಿ ಬುಡಕಟ್ಟಿನ ಪಶ್ತೂನನಾದರೂ ಹುಟ್ಟಿದ್ದು ಪಶ್ತೂನರ ಬೆಟ್ಟಗಳಿಂದ ದೂರದ, ಉತ್ತರದ ಕುಂದೂಜ್‌ನಲ್ಲಿ. ಬೆನ್ನಿಗೆ ನಿಲ್ಲೋ ಬುಡಕಟ್ಟು ಇಲ್ಲದ ಇವನಿಗೆ ತಾನು ಕಟ್ಟಿದ ‘ಹಿಜ್ಬ್-ಎ-ಇಸ್ಲಾಮಿ’ ಪಕ್ಷವೇ ಕುಲ ಆಯ್ತು ಅನ್ನೋದು ನನ್ನ ಲೆಕ್ಕ. 1979ರಲ್ಲಿ ಸೋವಿಯತ್ ಸೇನೆ ನುಗ್ಗಿದ ಮೇಲೆ ಅಮೆರಿಕ, ಸೌದಿಗಳು ಸುರಿದ ದುಡ್ಡು-ಮದ್ದುಗುಂಡು ಹಂಚುತ್ತಿದ್ದುದು ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್ಐ. ಪಾಕಿಸ್ತಾನದ ಪೇಶಾವರದಲ್ಲಿದ್ದ ಏಳು ಮುಜಾಹಿದೀನ್ (ಸೋವಿಯತ್ ವಿರುದ್ಧ ಹೋರಾಡುತ್ತಿದ್ದವರ) ಪಕ್ಷಗಳಲ್ಲಿ ಸಿಂಹಪಾಲು ಇವನಿಗೇ.

ಆ ಮದ್ದುಗುಂಡು ಆಮೇಲೆ ಎಲ್ಲಿ ಬಿತ್ತು ಅನ್ನೋದೇ ನೋಡಬೇಕಾದ್ದು. ಸೋವಿಯತ್ ಯುದ್ಧದ ಹತ್ತು ವರ್ಷವನ್ನು ಕಾಬೂಲ್ ನಗರ ಹೇಗೋ ದಾಟಿತ್ತು. 1992ರಲ್ಲಿ ಸೋವಿಯತ್ ಕೂರಿಸಿದ್ದ ನಜೀಬುಲ್ಲಾ ಸರ್ಕಾರ ಬಿದ್ದು ಮುಜಾಹಿದೀನ್‌ಗಳೇ ಕುರ್ಚಿಗೆ ಕಚ್ಚಾಡಲು ನಿಂತಾಗ ಹಾಳಾಯಿತು. ಇವನ ಎದುರಾಳಿ ಸೇನಾನಾಯಕರಾದ ಮಸೂದ್, ದೋಸ್ತುಂ, ಯಾರ ಕೈಯೂ ಶುದ್ಧವಲ್ಲ ಬಿಡು. ಆದರೆ ನಗರದ ದಕ್ಷಿಣಕ್ಕಿರುವ ಚಾರಾಸ್ಯಾಬ್‌ನಲ್ಲಿ ಕೂತು ಇವನು ಸುರಿಸಿದ ರಾಕೆಟ್ ಮಳೆಗೆ ಆ ವರ್ಷದ ಆಗಸ್ಟ್ ತಿಂಗಳೊಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಾಬೂಲಿನವರು ಇವನಿಗೆ ‘ರಾಕೆಟ್‌ಯಾರ್’ ಅಂತಲೇ ಹೆಸರಿಟ್ಟರು.

1993ರಲ್ಲಿ ಕಚ್ಚಾಡುತ್ತಿದ್ದ ಗುಂಪುಗಳ ನಡುವೆ ಇಸ್ಲಾಮಾಬಾದ್ ಒಪ್ಪಂದವಾಗಿ ಇವನೇ ಪ್ರಧಾನಿ! ಮರುವರ್ಷ ಜನವರಿ 1ಕ್ಕೆ ಅದೇ ದೋಸ್ತುಂ ಜೊತೆ ಸೇರಿ ತಾನೇ ಪ್ರಧಾನಿಯಾಗಿದ್ದ ರಾಜಧಾನಿಯ ಮೇಲೆ ಮುಗಿಬಿದ್ದ. ಎಷ್ಟು ಸಲ ಓದಿದರೂ ಈ ಸಾಲು ನನಗೆ ಅರಗೋದಿಲ್ಲ.

ಆಮೇಲೆ ತಾಲಿಬಾನ್ ಬಂತು, ಐಎಸ್ಐ ಕುದುರೆ ಬದಲಿಸಿತು, ಇವನು ಇರಾನಿಗೆ ಹೋದ. 2003ರಲ್ಲಿ ಅಮೆರಿಕ, ತಾನೇ ಸಾಕಿದವನನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. 2016ರಲ್ಲಿ ಅಧ್ಯಕ್ಷ ಘನಿ ಜೊತೆ ಶಾಂತಿ ಒಪ್ಪಂದ. ಮರುವರ್ಷ ಮೇ ತಿಂಗಳಲ್ಲಿ ಬಂದೂಕುಧಾರಿಗಳ ದಂಡು ಕಟ್ಟಿಕೊಂಡು ಕಾಬೂಲಿಗೆ ಬಂದ. ಅರಮನೆಯಲ್ಲಿ ಸ್ವಾಗತ. 2019ರ ಚುನಾವಣೆಗೂ ನಿಂತ. ನೂರಕ್ಕೆ ನಾಲ್ಕು ಮತವೂ ಬೀಳಲಿಲ್ಲ.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಾಗಿಲಿಗೆ ಬಂದಾಗ ಘನಿ ದೇಶ ಬಿಟ್ಟು ಓಡಿದರು. ಇವನು ಕಾಬೂಲಿನಲ್ಲೇ ಇದ್ದ.

ಇನ್ನೊಬ್ಬ ಮುಜಾಹಿದೀನ್ ಕಮಾಂಡರ್ ಅಬ್ದುಲ್ ಹಕ್ ವಿಷಯ ಇನ್ನೊಂದು ಪತ್ರಕ್ಕೆ. ಅವನದು ಬೇರೆಯದೇ ಕತೆ.

ಇಂತಿ ನಿನ್ನ,
ಹಳೇ ರೂಮ್‌ಮೇಟ್